ಮೂರು ತಿಂಗಳ ಕೂಸಿಗೆ ಮರಗಟ್ಟಿಸುವ ಕ್ರೀಮ್

ಪ್ರಕಾಶ ಮಾವ: «ಲಸಿಕೆಯ ಹಿಂದಿನ ರಾತ್ರಿ ಮಗುವಿನ ಎರಡೂ ತೊಡೆಗಳಿಗೆ ಮರಗಟ್ಟಿಸುವ ಕ್ರೀಮನ್ನು ದಪ್ಪವಾಗಿ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿಡಿ, ಸೂಜಿ ಚುಚ್ಚಿದ್ದೇ ತಿಳಿಯುವುದಿಲ್ಲ.» ಸುಧಾ, ಪುಟ್ಟಿಗೆ 14ನೇ ವಾರದ ಲಸಿಕೆ ಇದೆಯಲ್ಲ, ಅದಕ್ಕೇ ಈ ಸಂದೇಶ ಕಳಿಸಿದ್ದೇನೆ. ಮುಂದೆ ಕಿವಿ ಚುಚ್ಚಿಸುವಾಗಲೂ ಇದು ಉಪಯೋಗಕ್ಕೆ ಬರುತ್ತದೆ.

ಸುಧಾ: ಹೋದ ಸಲ ಅವಳು ಉಸಿರು ಕಟ್ಟುವಂತೆ ಅತ್ತಿದ್ದಳು ಮಾವ. ಇವತ್ತೇ ಟ್ಯೂಬ್ ತರಿಸುತ್ತೇನೆ.

ವೀಣಾ: ಸುಧಾ, ದಯವಿಟ್ಟು ತರಿಸಬೇಡ. ಮಾವ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಔಷಧದಂಗಡಿಯಲ್ಲಿ ದಿನವೂ ಈ ಟ್ಯೂಬ್ ಕೊಡುವವಳಾಗಿ ನಾನು ಸುಮ್ಮನಿರಲಾರೆ. ಇದರಲ್ಲಿ ಲಿಡೊಕೇನ್ ಮತ್ತು ಪ್ರಿಲೊಕೇನ್ ಎಂಬ ಮರಗಟ್ಟಿಸುವ ಔಷಧಗಳು ತಲಾ ಶೇ. 2.5ರಷ್ಟಿರುತ್ತವೆ. ಬೇರೆ ಬೇರೆಯಾಗಿ ಹರಳಿನಂತಿರುವ ಇವೆರಡನ್ನೂ ಬೆರೆಸಿದಾಗ ಎಣ್ಣೆಯಂತೆ ಕರಗುವುದರಿಂದಲೇ ಗಟ್ಟಿ ಚರ್ಮವನ್ನೂ ದಾಟಿ ಒಳಗಿಳಿಯುತ್ತವೆ.

ಪ್ರಕಾಶ ಮಾವ: ಮೇಲೆ ಹಚ್ಚುವ ಕ್ರೀಮ್ ತಾನೇ ವೀಣಾ, ಹೊಟ್ಟೆಗೇನೂ ಹೋಗುವುದಿಲ್ಲವಲ್ಲ?

ವೀಣಾ: ಹೊಟ್ಟೆಗೆ ಹೋಗದಿದ್ದರೂ ರಕ್ತಕ್ಕೆ ಹೋಗುತ್ತದೆ ಮಾವ. ಎಷ್ಟು ಹಚ್ಚಿದಿರಿ, ಎಷ್ಟು ಜಾಗಕ್ಕೆ, ಎಷ್ಟು ಹೊತ್ತು, ಮೇಲೆ ಮುಚ್ಚಿದಿರೋ ಇಲ್ಲವೋ ಎಂಬುದೆಲ್ಲ ಸೇರಿಯೇ ಅದರ ಪ್ರಮಾಣ. ಐದು ಕೆ.ಜಿ. ದಾಟಿದ ಈ ವಯಸ್ಸಿನ ಕೂಸಿಗೆ ಗರಿಷ್ಠ ಮಿತಿ ಎರಡು ಗ್ರಾಂ. ಅಂದರೆ 30 ಗ್ರಾಂ ಟ್ಯೂಬಿನಿಂದ ಹಿಂಡಿದ ಏಳು ಸೆಂಟಿಮೀಟರ್ ಉದ್ದದ ಎಳೆ, ಅದೂ ಹತ್ತು ರೂಪಾಯಿಯ ಮೂರು ನಾಣ್ಯಗಳಷ್ಟು ಜಾಗಕ್ಕೆ, ಸುಮಾರು ಒಂದು ಗಂಟೆ ಮಾತ್ರ. ಈ ಸಂದೇಶ ಎರಡು ತೊಡೆ, ಇಡೀ ರಾತ್ರಿ ಎನ್ನುತ್ತದೆ!

ಚರ್ಮ ಬಿಳಿಚುವುದು, ಕೆಂಪಾಗುವುದು, ತುಸು ಊದಿಕೊಳ್ಳುವುದು ಸಾಮಾನ್ಯ, ತಾನಾಗಿಯೇ ಇಳಿಯುತ್ತದೆ. ನನಗಿರುವ ಭಯ ಬೇರೆಯದು. ಪ್ರಿಲೊಕೇನ್ ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅನ್ನು ಅದನ್ನು ಹೊರಲಾರದ ಮೆಟ್‌ಹಿಮೋಗ್ಲೋಬಿನ್ ಆಗಿ ಮಾರ್ಪಡಿಸುತ್ತದೆ. ಈ ಮಾರ್ಪಾಟನ್ನು ಸರಿಪಡಿಸುವ ಕಿಣ್ವ ಎಳೆಗೂಸುಗಳಲ್ಲಿ ಇನ್ನೂ ಬಲಿತಿರುವುದಿಲ್ಲ. ತುಟಿ, ಉಗುರು ನೀಲಿಗಟ್ಟುತ್ತವೆ, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವ ಅಂಕಿಯನ್ನೂ ಆಗ ನಂಬುವಂತಿಲ್ಲ.

ಪ್ರಕಾಶ ಮಾವ: ದೊಡ್ಡವರಿಗಾದರೆ ಅಪಾಯವಿಲ್ಲವಷ್ಟೆ?

ವೀಣಾ: ದೊಡ್ಡವರೂ ಸತ್ತಿದ್ದಾರೆ ಮಾವ. ಅಮೆರಿಕದಲ್ಲಿ ಲೇಸರ್‌ನಿಂದ ಕೂದಲು ತೆಗೆಸಿಕೊಳ್ಳುವ ಮೊದಲು ಕಾಲಿಗೆಲ್ಲ ಇಂಥದೇ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡ ಇಬ್ಬರು ಯುವತಿಯರು ಫಿಟ್ಸ್ ಬಂದು, ಕೋಮಾಕ್ಕೆ ಜಾರಿ ತೀರಿಕೊಂಡರು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಸುಧಾ: ಹಾಗಾದರೆ ಅವಳ ನೋವಿಗೆ ನಾನೇನು ಮಾಡಲಿ ಅಕ್ಕ?

ವೀಣಾ: ಈ ಕ್ರೀಮ್ ಒಂದು ಗಂಟೆಗೆ ಸುಮಾರು ಮೂರು ಮಿಲಿಮೀಟರ್ ಆಳಕ್ಕೆ ಮಾತ್ರ ಮರಗಟ್ಟಿಸುತ್ತದೆ. ತೊಡೆಯ ಸೂಜಿ ಅದಕ್ಕಿಂತ ಆಳದ ಸ್ನಾಯುವಿಗೆ ಹೋಗುವುದರಿಂದ ನೋವು ಪೂರ್ತಿ ತಪ್ಪುವುದೂ ಇಲ್ಲ. ಚುಚ್ಚುವಾಗ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಲು ಕುಡಿಸುತ್ತಿರು. ಕ್ರೀಮ್ ಬೇಕೇ ಬೇಕೆನಿಸಿದರೆ ಮಕ್ಕಳ ವೈದ್ಯರನ್ನು ಕೇಳು, ಅವಳು ಈಗ ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸು.

ಪ್ರಕಾಶ ಮಾವ: ಸಂದೇಶ ಅಳಿಸಿದ್ದೇನೆ. ಅಪಾರ್ಟ್‌ಮೆಂಟಿನ ಗುಂಪಿಗೂ ಕಳಿಸಿದ್ದೆ, ವೀಣಾ ಬರೆದದ್ದನ್ನು ಈಗಲೇ ಅಲ್ಲಿಗೂ ಹಾಕುತ್ತೇನೆ.