ಪದ ಬೇಕು: ಅಚ್ಚೇ ಆಗದ ಸಂಚಿಕೆಗೆ ಏನನ್ನಬೇಕು?

ಗೆಳೆಯರೇ, ನಮಸ್ಕಾರ.

ಮನೆಯಲ್ಲಿರುವ ಅಮರ ಚಿತ್ರಕಥೆಗಳನ್ನು ಟೆಲ್ಲಿಕೋ ಅನ್ನುವ, ಸಂಗ್ರಹದ ಪಟ್ಟಿ ಇಡುವ ಸಾಫ್ಟ್‌ವೇರ್‌ಗೆ ಏರಿಸುತ್ತಿದ್ದೇನೆ. ಕಾಮಿಕ್ಸ್‌ಗೆ ಅಂತಲೇ ಅದರಲ್ಲೊಂದು ನಮೂನೆ ಇದೆ. ಬೇಕಾದ ಕಾಲಂ ನಾವೇ ಸೇರಿಸಿಕೊಳ್ಳಬಹುದು. ಯಾವ ನಂಬರ್ ಇದೆ, ಯಾವುದು ಇನ್ನೂ ಬರಬೇಕು ಅಂತ ಗುರುತು ಹಾಕಲು ಒಂದು ಕಾಲಂ ಮಾಡಿದೆ. ಅದಕ್ಕೆ ಹೆಸರಿಡಲು ಕೂತಾಗ ಈ ಹುಡುಕಾಟ ಶುರುವಾಯಿತು.

ಮೊದಲು 'ಸಂಪೂರ್ಣತೆ' ಅಂತ ಬರೆದೆ. ಯಾರ ಬಾಯಲ್ಲೂ ಬರದ ಮಾತು. ಅಷ್ಟರಲ್ಲಿ ಮಳೆಗಾಲದ ಪೇಪರ್ ನೆನಪಾಯಿತು. ಕೆಆರ್‌ಎಸ್ ಭರ್ತಿಗೆ ಇನ್ನು ಇಷ್ಟು ಅಡಿ ಬಾಕಿ ಅಂತ ದಿನಾ ಓದುತ್ತೇವೆ, ಅಲ್ವಾ? ಗರಿಷ್ಠ ಮಟ್ಟ 124.80 ಅಡಿ, ತುಂಬಿದ್ದು ಇಷ್ಟು, ಉಳಿದದ್ದು ಬಾಕಿ. ನನಗೆ ಬೇಕಾದದ್ದೂ ಇದೇ ಲೆಕ್ಕ. 'ಭರ್ತಿ', 'ಬಾಕಿ' ಎರಡನ್ನೂ ಹಾಗೇ ಎತ್ತಿಕೊಂಡೆ. ಒಂಟಿ ಪುಸ್ತಕಕ್ಕೆ 'ಬಿಡಿ', ಪೂರ್ತಿ ಸೆಟ್‌ಗೆ 'ಇಡಿ'. ಇಡಿಗಂಟು ಅನ್ನುತ್ತೇವಲ್ಲ, ಆ ಇಡಿ.

ತೊಡಕಾದದ್ದು ಇಂಗ್ಲಿಷ್ ಪುಸ್ತಕಗಳ ಸರದಿ ಬಂದಾಗ. ಅಮರ ಚಿತ್ರಕಥೆ ಇಂಗ್ಲಿಷ್‌ನಲ್ಲಿ ಶುರುವಾಗುವುದೇ 11ರಿಂದ. ಅನಂತ ಪೈ ಅವರ 'ಕೃಷ್ಣ' ಅದು. ಹಾಗಾದರೆ 1ರಿಂದ 10? ಅವು ಬಂದದ್ದು ಕನ್ನಡದಲ್ಲಿ! 1965ರಲ್ಲಿ, ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಹೊರದೇಶದ ಮಕ್ಕಳ ಕಥೆಗಳು ಕನ್ನಡವಾಗಿ ಬಂದವು. ಎಣಿಕೆ ಅಲ್ಲಿಂದಲೇ ಮುಂದುವರಿಯಿತು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಆ ಹತ್ತರಲ್ಲಿ ಒಂದೂ ನನ್ನ ಹತ್ತಿರ ಇಲ್ಲ ಅನ್ನುವುದು ಬೇರೆ ಸಂಕಟ.

ಈಗ ನೋಡಿ, ಕನ್ನಡದ ಪಟ್ಟಿಯಲ್ಲಿ ನಂಬರ್ 3 ನಿಜವಾಗಿ ಬಾಕಿ. ಯಾರದೋ ಅಟ್ಟದ ಮೇಲೆ, ಪಿನ್ನು ತುಕ್ಕು ಹಿಡಿದು, ಇದ್ದರೂ ಇರಬಹುದು. ಇಂಗ್ಲಿಷ್ ಪಟ್ಟಿಯಲ್ಲಿ ಅದೇ ನಂಬರ್ 3 ಬಾಕಿಯಲ್ಲ. ಅವೆನ್ಯೂ ರಸ್ತೆಯನ್ನು ಎಷ್ಟು ಸುತ್ತಿದರೂ ಅದು ಸಿಗುವುದಿಲ್ಲ. ಬಾಕಿ ಅಂದರೆ ಬರಬೇಕಾದದ್ದು. ಇದು ಎಂದೂ ಬರುವಂಥದ್ದಲ್ಲ. ಆದರೆ 'ಇಲ್ಲ' ಅಂದರೆ ಎರಡಕ್ಕೂ ಒಂದೇ ಮಾತಾಗುತ್ತದೆ. ಅದನ್ನೂ ಬಾಕಿ ಅಂತ ಬರೆದರೆ ಇಂಗ್ಲಿಷ್ ಸಾಲು ಯಾವತ್ತೂ ಭರ್ತಿಯಾಗುವುದಿಲ್ಲ.

ಹಳೆಯ ಕಾವ್ಯಗಳ ಸಂಪಾದಕರು 'ಗ್ರಂಥಪಾತ' ಅನ್ನುತ್ತಾರೆ. ಚೆಂದದ ಮಾತು. ಆದರೆ ಅದು ಓಲೆಗರಿಯಲ್ಲಿ ಇದ್ದು ಕಳೆದುಹೋದ ಭಾಗಕ್ಕೆ. 'ಲೋಪ' ಅಂದರೆ ಯಾರೋ ತಪ್ಪು ಮಾಡಿದ ಹಾಗೆ ಕೇಳುತ್ತದೆ. ತುಂಬಾ ಹತ್ತಿರ ಬಂದದ್ದು ಪಂಚಾಂಗದ 'ಕ್ಷಯ ತಿಥಿ'. ಒಂದು ಸೂರ್ಯೋದಯ ಆದಮೇಲೆ ಹುಟ್ಟಿ, ಮುಂದಿನದಕ್ಕೆ ಮೊದಲೇ ಮುಗಿದುಹೋಗುವ ತಿಥಿ ಅದು. ಎಣಿಕೆಯಲ್ಲಿ ಉಂಟು, ಆದರೆ ಅದರ ಹೆಸರಿಗೆ ಒಂದು ದಿನ ಸಿಗುವುದಿಲ್ಲ. ಅರ್ಥವೇನೋ ಒಪ್ಪುತ್ತದೆ. ಆದರೆ 'ಕ್ಷಯ ಸಂಚಿಕೆ' ಅಂದರೆ ಜಾಸ್ತಿ ಜನಕ್ಕೆ ಕಾಯಿಲೆಯೇ ನೆನಪಾಗುತ್ತದೆ.

ಓದುವಾಗ 'ಒಂದು ಸಾಲು ಹಾರಿಹೋಯಿತು' ಅನ್ನುತ್ತೇವೆ. ಸದ್ಯಕ್ಕೆ ಇಂಗ್ಲಿಷ್ ಪಟ್ಟಿಯ ಆ 10 ನಂಬರ್‌ಗಳ ಮುಂದೆ 'ಹಾರು' ಅಂತ ಹಾಕಿದ್ದೇನೆ. 'ಹಾರು ನಂಬರ್' ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ರಸೀದಿ ಪುಸ್ತಕ, ಹಾಜರಿ ಪಟ್ಟಿ, ಅಚ್ಚಿನ ಮನೆ, ಎಲ್ಲಾದರೂ ಹೀಗೆ ನಂಬರ್ ಬಿಟ್ಟುಹೋದಾಗ ನಿಮ್ಮ ಕಡೆ ಏನನ್ನುತ್ತಾರೆ? ದಯವಿಟ್ಟು ತಿಳಿಸಿ.