ಮಾತು ತಡವರಿಸುವುದೇಕೆ? ವಾಕ್ ತಜ್ಞೆಯೊಡನೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಸಪ್ತಾಪುರದ ಶಿಕ್ಷಕಿ: ಮೇಡಂ, ಪಾಠ ಮಾಡುವಾಗ ನಡುನಡುವೆ ‘ಅದು... ಅಂದ್ರ...’ ಎಂದು ನಿಲ್ಲುತ್ತೇನೆ. ಇದು ರೋಗವೇ?

ತಜ್ಞೆ: ಅಲ್ಲ. ಇಡೀ ವಾಕ್ಯವನ್ನು ಸಿದ್ಧಪಡಿಸಿಕೊಂಡು ಯಾರೂ ಬಾಯಿ ತೆರೆಯುವುದಿಲ್ಲ. ಮೊದಲ ಪದಗಳನ್ನು ನುಡಿಯುತ್ತಿರುವಾಗಲೇ ಮೆದುಳು ಮುಂದಿನವನ್ನು ಹುಡುಕುತ್ತಿರುತ್ತದೆ. ಅಪರೂಪದ ಪದಕ್ಕೆ ಹುಡುಕಾಟ ತಡವಾದಾಗ ‘ಅಂದ್ರ’ ಬರುತ್ತದೆ.

ಕೇಶ್ವಾಪುರದ ತಾಯಿ: ಮೂರು ವರ್ಷದ ಮಗ ಎರಡು ತಿಂಗಳಿನಿಂದ ‘ಅ-ಅ-ಅಜ್ಜಿ’ ಎನ್ನುತ್ತಾನೆ.

ತಜ್ಞೆ: ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಆರಂಭವಾಗುತ್ತದೆ, ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ತಿದ್ದಬೇಡಿ, ಮಾತು ಮುಗಿಯುವವರೆಗೆ ಕಾಯಿರಿ. ಮುಖ ಬಿಗಿಯುತ್ತಿದ್ದರೆ ಅಥವಾ ಮನೆತನದಲ್ಲಿ ಉಗ್ಗಿದ್ದರೆ ಈಗಲೇ ತೋರಿಸಿ.

ಗದಗದ ಸದಸ್ಯರು: ಬಜೆ ತೇಯ್ದು ನಾಲಿಗೆಗೆ ಹಚ್ಚಿರಿ, ಬಾಯಲ್ಲಿ ಹರಳು ಇಟ್ಟು ಮಾತಾಡಿಸಿರಿ. ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಕಳಿಸಿ.

ತಜ್ಞೆ: ಯಾರಿಗೂ ಕಳಿಸಬೇಡಿ. ಹರಳು ಮಗುವಿನ ಉಸಿರುನಾಳಕ್ಕೆ ಇಳಿಯಬಹುದು. ಉಗ್ಗು ನಾಲಿಗೆಯ ದೋಷವಲ್ಲ.

ಉಣಕಲ್ಲಿನ ಸದಸ್ಯ: ತಂದೆಯವರಿಗೆ 62 ವರ್ಷ, ಸಕ್ಕರೆ ಕಾಯಿಲೆಯಿದೆ. ಇಂದು ಬೆಳಿಗ್ಗೆ ಮಾತು ತಡವರಿಸಿತು, ಚಮಚಕ್ಕೆ ಕೀಲಿ ಎಂದರು. ಅರ್ಧ ತಾಸಿನಲ್ಲಿ ಸರಿಹೋದರು. ನಿಶ್ಶಕ್ತಿಯಿರಬಹುದೇ?

ತಜ್ಞೆ: ಸರಿಹೋದರೆಂದು ಸುಮ್ಮನಿರಬೇಡಿ, ಈಗಲೇ ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಮೇಲಿನ ಎರಡೂ ತಡವರಿಕೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಜೀವನಪೂರ್ತಿ ಸರಾಗವಾಗಿ ಮಾತಾಡಿದವರಿಗೆ ಒಮ್ಮೆಲೇ ಪದ ಸಿಗದಂತಾಗಿ, ಒಂದರ ಬದಲು ಇನ್ನೊಂದು ಬಂದರೆ, ಮೆದುಳಿನ ಭಾಷಾಭಾಗಕ್ಕೆ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಿರುವ ಸಾಧ್ಯತೆಯಿದೆ. ಅದಾದ ಮೊದಲ 48 ಗಂಟೆಗಳಲ್ಲಿ ಪೂರ್ಣ ಪಾರ್ಶ್ವವಾಯುವಿನ ಅಪಾಯ ಅತಿ ಹೆಚ್ಚು. ಸಕ್ಕರೆ ಕುಸಿದರೂ ಹೀಗಾಗಬಹುದಾದ್ದರಿಂದ ಅದನ್ನೂ ಅಳೆಯಲಿ. ಮತ್ತೆ ತಡವರಿಸಿದರೆ ಶುರುವಾದ ಹೊತ್ತನ್ನು ಬರೆದಿಡಿ, ರಕ್ತದ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ 4.5 ಗಂಟೆಯಷ್ಟೇ ಅವಕಾಶ. ಸ್ಕ್ಯಾನ್ ಆಗುವ ಮುನ್ನ ನೀವಾಗಿ ಯಾವ ಗುಳಿಗೆಯನ್ನೂ ಕೊಡಬೇಡಿ.

ರಾಣೆಬೆನ್ನೂರಿನ ಸದಸ್ಯರು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮಾಡಿದ್ದರಿಂದಲೇ ಮಕ್ಕಳು ಉಗ್ಗುತ್ತಾರೆ.

ನವನಗರದ ಸದಸ್ಯೆ: ನಮ್ಮ ಮನೆಯಲ್ಲಿ ಮರಾಠಿ, ಉರ್ದು, ಕನ್ನಡ ಮೂರೂ ಇವೆ, ಯಾರೂ ಉಗ್ಗುವುದಿಲ್ಲ. ತಿಳಿಯದೆ ತಾಯಂದಿರನ್ನು ದೂರಬೇಡಿ.

ರಾಣೆಬೆನ್ನೂರಿನ ಸದಸ್ಯರು: ನಿಮ್ಮ ಒಂದು ಮನೆ ಎಲ್ಲದಕ್ಕೂ ಸಾಕ್ಷಿಯಲ್ಲ.

ತಜ್ಞೆ: ಎರಡು ಭಾಷೆಯಿಂದ ಉಗ್ಗು ಬರುವುದಿಲ್ಲ.

ಬೆಟಗೇರಿಯ ಸದಸ್ಯೆ: ಎಡಚ ಮಗಳಿಗೆ ಬಲಗೈಯಲ್ಲಿ ಬರೆಯಿಸಿದ್ದರಿಂದ ಉಗ್ಗು ಬಂತೇ?

ವಿದ್ಯಾನಗರದ ಸದಸ್ಯರು: ನನ್ನ ಮಗಳೂ ‘ಅ-ಅ-ಅಮ್ಮ’ ಎನ್ನುತ್ತಾಳೆ, ಮೂರು ವರ್ಷ. ಔಷಧ ಹೇಳಿ.

ತಜ್ಞೆ: ವಿದ್ಯಾನಗರದವರೇ, ಮೇಲೆ ಕೇಶ್ವಾಪುರದ ತಾಯಿಗೆ ಉತ್ತರಿಸಿದ್ದೇನೆ, ಓದಿ.

ಗದಗದ ಸದಸ್ಯರು: ಹಿರಿಯರ ಮದ್ದನ್ನು ಅವಮಾನಿಸಿದಿರಿ. ನನಗೆ ಬಜೆಯಿಂದಲೇ ಮಾತು ಸರಿಯಾಯಿತು.

ತಜ್ಞೆ: ತಾನಾಗಿಯೇ ಹೋಗುವ ಉಗ್ಗಿನ ಕೀರ್ತಿಯನ್ನು ಬಜೆಗೆ ಕೊಡುತ್ತಿದ್ದೀರಿ. ಇದರ ಮೇಲೆ ನನಗೆ ಇನ್ನು ಚರ್ಚೆ ಬೇಡ. ಉಣಕಲ್ಲಿನವರೇ, ಹೊರಟಿರಾ?