ಐದನೇ ತರಗತಿ ಮಕ್ಕಳಿಂದ ಉತ್ತರಾಖಂಡದ ಬಗ್ಗೆ ವರದಿ ಬರೆಸಬೇಕು, ನಕಲು ತಪ್ಪಿಸುವುದು ಹೇಗೆ?

ಹಳ್ಳಿಶಾಲೆ ಟೀಚರ್:

ಎಲ್ಲರಿಗೂ ನಮಸ್ಕಾರ. ಪರಿಸರ ಅಧ್ಯಯನದ ಪ್ರಾಜೆಕ್ಟ್ ಆಗಿ ಐದನೇ ತರಗತಿಯವರಿಂದ ಒಂದು ರಾಜ್ಯದ ಬಗ್ಗೆ ಸಣ್ಣ ಸಂಶೋಧನಾ ವರದಿ ಬರೆಸಬೇಕಿದೆ. ರಾಜ್ಯಗಳನ್ನು ಜೋಡಿ ಮಾಡುವ ಕೇಂದ್ರ ಸರ್ಕಾರದ 'ಏಕ ಭಾರತ ಶ್ರೇಷ್ಠ ಭಾರತ' ಕಾರ್ಯಕ್ರಮದಲ್ಲಿ ಕರ್ನಾಟಕಕ್ಕೆ ಜೋಡಿ ರಾಜ್ಯ ಉತ್ತರಾಖಂಡ, ಹಾಗಾಗಿ ಅದನ್ನೇ ಆರಿಸಿದ್ದೇವೆ. ಇಂಥ ಪ್ರಾಜೆಕ್ಟ್ ಅಂದರೆ ಸಾಮಾನ್ಯವಾಗಿ ಅಂಗಡಿಯ ಚಾರ್ಟ್ ತಂದು ಅಂಟಿಸುತ್ತಾರೆ, ಇಲ್ಲವೇ ಮನೆಯಲ್ಲಿ ದೊಡ್ಡವರು ಮೊಬೈಲ್ ನೋಡಿ ಹೇಳಿದ್ದನ್ನು ದುಂಡಗೆ ಬರೆದು ತರುತ್ತಾರೆ. ಎಬ್ಬಿಸಿ ಕೇಳಿದರೆ ಒಂದು ಸಾಲೂ ಬಾಯಿಗೆ ಬರುವುದಿಲ್ಲ. ಮೂರು ವಾರ ಸಮಯವಿದೆ, ವಾರಕ್ಕೆ ನಾಲ್ಕು ಪೀರಿಯಡ್. ಮೂವತ್ತು ಮಕ್ಕಳು, ಒಂದು ಕಂಪ್ಯೂಟರ್, ಗೋಡೆ ನಕ್ಷೆ, ನಾಲ್ಕೈದು ಅಟ್ಲಾಸ್ ಇವೆ. ಮಕ್ಕಳೇ ಹುಡುಕಿ ಮಕ್ಕಳೇ ಬರೆಯುವಂಥ ಕ್ರಮ ಯಾವುದು? ಅಂಕ ಹೇಗೆ ಕೊಡುವುದು?

ಚೀಟಿ ಮೇಷ್ಟ್ರು:

ಮೇಡಂ, "ಉತ್ತರಾಖಂಡದ ಬಗ್ಗೆ ಬರೆಯಿರಿ" ಎಂದರೆ ಮಗುವಿಗೆ ನಕಲು ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ. ವಿಷಯ ಅಷ್ಟು ದೊಡ್ಡದು, ಮಗುವಿನ ಕೈಯಲ್ಲಿ ಪ್ರಶ್ನೆ ಇಲ್ಲ. ಮೊದಲು ಪ್ರಶ್ನೆ ಹುಟ್ಟಬೇಕು. ಮೊದಲ ಪೀರಿಯಡ್‌ನಲ್ಲಿ ಪುಸ್ತಕ ತೆರೆಯಬೇಡಿ. ಗೋಡೆ ನಕ್ಷೆಯ ಮುಂದೆ ಕೂರಿಸಿ ಆ ರಾಜ್ಯ ತೋರಿಸಿ, ಏನು ಕೇಳಬೇಕು ಅನಿಸುತ್ತದೆ ಎಂದು ಕೇಳಿ. ಸಮುದ್ರ ಇದೆಯಾ, ಅಲ್ಲಿನವರು ಏನು ತಿನ್ನುತ್ತಾರೆ, ಹಿಮ ಬಿದ್ದಾಗ ಶಾಲೆ ಇರುತ್ತದಾ, ಪಕ್ಕದ ದೇಶ ಯಾವುದು, ಗಂಗೆ ಹುಟ್ಟುವುದು ಎಲ್ಲಿ. ಬಂದದ್ದನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ಆರು ಗುಂಪು ಮಾಡಿ: ನೆಲ ಮತ್ತು ಹವೆ, ನದಿ, ಜನ ಮತ್ತು ಭಾಷೆ, ಊಟ ಮತ್ತು ಬೆಳೆ, ಕಾಡು ಮತ್ತು ಪ್ರಾಣಿ, ಹಬ್ಬ ಮತ್ತು ಕಲೆ. ಐದೈದು ಮಕ್ಕಳ ಆರು ತಂಡಕ್ಕೆ ಒಂದೊಂದು ಗುಂಪು. ಮೊದಲ ಸಲ ಬರೆಸುವಾಗ ಇಡೀ ತರಗತಿಗೆ ಒಂದೇ ರಾಜ್ಯ ಇರುವುದೇ ಒಳ್ಳೆಯದು. ಮೂವತ್ತು ಮಕ್ಕಳಿಗೆ ಮೂವತ್ತು ವಿಷಯ ಕೊಟ್ಟರೆ ಆಕರ ಹುಡುಕಿಕೊಡುವುದರಲ್ಲೇ ನಿಮ್ಮ ಮೂರು ವಾರ ಮುಗಿಯುತ್ತದೆ.

ಎರಡನೆಯದು ಚೀಟಿ. ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿ, ಒಂದು ಮಗುವಿಗೆ ಎಂಟು ಚೀಟಿ. ಚೀಟಿಯ ತಲೆಯಲ್ಲಿ ಪ್ರಶ್ನೆ, ನಡುವೆ ಒಂದೇ ಒಂದು ಸಂಗತಿ, ಕೆಳಗೆ ಅದು ಸಿಕ್ಕಿದ ಪುಸ್ತಕದ ಹೆಸರು ಮತ್ತು ಪುಟ. ಸಂಗತಿ ಏಳೆಂಟು ಪದ ದಾಟಬಾರದು, ಪೂರ್ಣ ವಾಕ್ಯವೂ ಬೇಡ. ಉದಾಹರಣೆಗೆ:

ಪ್ರಶ್ನೆ: ಗಂಗೆ ಎಲ್ಲಿ ಹುಟ್ಟುತ್ತಾಳೆ?
ಗೋಮುಖದಲ್ಲಿ ಭಾಗೀರಥಿ. ದೇವಪ್ರಯಾಗದಲ್ಲಿ ಅಲಕನಂದಾ ಕೂಡಿ ಗಂಗೆ.
ಅಟ್ಲಾಸ್, ಪುಟ ಇಷ್ಟು.

ಚೀಟಿ ಬರೆಯುವ ಕ್ರಮ: ಒಂದು ಪ್ಯಾರಾ ಓದು, ಪುಸ್ತಕ ಮುಚ್ಚು, ಪಕ್ಕದವರಿಗೆ ಹೇಳು, ಆಮೇಲೆ ಬರೆ. ಹೆಸರು, ಅಂಕಿ ಸರಿಯಿದೆಯೇ ಎಂದು ನೋಡಲು ಮಾತ್ರ ಮತ್ತೆ ತೆರೆ. ಪುಸ್ತಕ ತೆರೆದಿಟ್ಟುಕೊಂಡೇ ಬರೆದರೆ ಕಣ್ಣಿಂದ ನೇರ ಕೈಗೆ ಹೋಗುತ್ತದೆ, ತಲೆಗೆ ಇಳಿಯುವುದಿಲ್ಲ. ಈ ಹಂತ ಶಾಲೆಯಲ್ಲೇ ನಡೆಯಲಿ. ಮನೆಗೆ ಕಳಿಸಿದಿರೋ, ಚೀಟಿಗಳೂ ಅಪ್ಪ ಅಮ್ಮನ ಅಕ್ಷರದಲ್ಲಿ ಬರುತ್ತವೆ.

ನಾಲ್ಕು ಪೀರಿಯಡ್ ಚೀಟಿಗೆ ಹೋಗಲಿ, ಅದು ಜಾಸ್ತಿಯಲ್ಲ. ಆಮೇಲೆ ಒಂದು ಪೀರಿಯಡ್ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಯಾವುದರ ಹಿಂದೆ ಯಾವುದು ಎಂದು ಜೋಡಿಸುವುದು, ಒಂದು ಪೀರಿಯಡ್ ಆ ಕ್ರಮದಲ್ಲೇ ಬಾಯಲ್ಲಿ ಹೇಳುವುದು. ಬರೆಯುವುದು ಅದಾದ ಮೇಲೆ. ಬಾಯಲ್ಲಿ ಹೇಳಿಸದೆ ಬರೆಸಿದರೆ "ಉತ್ತರಾಖಂಡವು ನೈಸರ್ಗಿಕ ಸೌಂದರ್ಯದಿಂದ ಕಂಗೊಳಿಸುವ ರಾಜ್ಯವಾಗಿದ್ದು" ಎಂಬ ಸಾಲು ಎಲ್ಲಿಂದಲಾದರೂ ಬಂದೇ ಬರುತ್ತದೆ.

ಮೊದಲ ಕರಡು ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಲಿ, ತಿದ್ದಲು ಜಾಗ ಬೇಕು. ಕರಡಿನಲ್ಲಿ ಎಲ್ಲ ತಪ್ಪಿಗೂ ಕೆಂಪು ಹಾಕಬೇಡಿ. ಅರ್ಥವಾಗದ ವಾಕ್ಯ, ಆಕರ ಇಲ್ಲದ ಅಂಕಿ, ಒತ್ತಕ್ಷರ, ಈ ಮೂರನ್ನು ಗುರುತಿಸಿದರೆ ಸಾಕು. ಒಂದು ಮಗು ಎಂಟರಿಂದ ಹತ್ತು ವಾಕ್ಯ ಬರೆದರೆ ತಂಡಕ್ಕೆ ಎರಡು ಮೂರು ಪುಟ ಆಗುತ್ತದೆ. ಆರು ತಂಡದ್ದು ಸೇರಿಸಿ ಹೊಲಿದರೆ ತರಗತಿಯದೇ ಒಂದು ಪುಸ್ತಕ.

ಗ್ರಾಫ್ ಹಾಳೆ:

ಮೇಷ್ಟ್ರು ಹೇಳಿದ ಚೀಟಿ ಕ್ರಮಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಂಕಿಗಳ ವಿಷಯ ಮಾತ್ರ ಬೇರೆ ಹೇಳಬೇಕು. "ವಿಸ್ತೀರ್ಣ 53,483 ಚದರ ಕಿ.ಮೀ." ಎಂದು ಮಗು ಬರೆದರೆ ಅದಕ್ಕೆ ಏನೂ ತಿಳಿದಂತಾಗಲಿಲ್ಲ. ಕರ್ನಾಟಕದ ಪಕ್ಕದಲ್ಲಿ ಇಟ್ಟು ತೋರಿಸಿ.

ಒಂದು ಸೆಂ.ಮೀ. ಚೌಕದ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಒಂದು ಚೌಕ ಅಂದರೆ 1,000 ಚದರ ಕಿ.ಮೀ. ಕರ್ನಾಟಕ 1,91,791, ಅಂದರೆ 192 ಚೌಕ. ಅಡ್ಡಕ್ಕೆ 16, ಉದ್ದಕ್ಕೆ 12 ಎಣಿಸಿದರೆ ಸರಿಯಾಗಿ ಕೂರುತ್ತದೆ. ಅದರ ಕೆಳಗೆ ಉತ್ತರಾಖಂಡಕ್ಕೆ 53 ಚೌಕ, ಏಳೇಳರ ಏಳು ಸಾಲು ಮತ್ತು ಮೇಲೆ ನಾಲ್ಕು. ಬಣ್ಣ ಹಚ್ಚಿದ ಮೇಲೆ "ನಮ್ಮ ರಾಜ್ಯದೊಳಗೆ ಅಂಥವು ಎಷ್ಟು ಹಿಡಿಯುತ್ತವೆ?" ಎಂದು ಕೇಳಿ. ಮೂರೂವರೆ ಎಂದು ಮಕ್ಕಳೇ ಹೇಳುತ್ತಾರೆ.

ಈಗ ಜನ. 2011ರ ಜನಗಣತಿಯಲ್ಲಿ ಕರ್ನಾಟಕ 6 ಕೋಟಿ 11 ಲಕ್ಷ, ಉತ್ತರಾಖಂಡ 1 ಕೋಟಿ 1 ಲಕ್ಷ. ಒಂದು ಚುಕ್ಕಿಗೆ ಒಂದು ಲಕ್ಷ ಎಂದು ಲೆಕ್ಕ ಹಿಡಿದರೆ ಕರ್ನಾಟಕದ ಪ್ರತಿ ಚೌಕದಲ್ಲಿ ಸುಮಾರು ಮೂರು ಚುಕ್ಕಿ, ಉತ್ತರಾಖಂಡದ ಚೌಕದಲ್ಲಿ ಸುಮಾರು ಎರಡು. ಅಲ್ಲಿ ಯಾಕೆ ಕಡಿಮೆ? ಈ ಪ್ರಶ್ನೆ ಮಗುವಿನ ಬಾಯಿಂದ ಬಂದ ಕ್ಷಣದಿಂದ ಅದು ಸಂಶೋಧನೆ. ಬೆಟ್ಟ, ಹಿಮ, ಕಾಡು ಎಂಬ ಉತ್ತರ ನಕ್ಷೆಯಲ್ಲೇ ಇದೆ. ಚುರುಕಾದ ತಂಡಕ್ಕೆ ಇನ್ನೊಂದು ಹೆಜ್ಜೆ ಕೊಡಿ: ಅದೇ ಜನಗಣತಿಯಲ್ಲಿ ಬಯಲಿನ ಹರಿದ್ವಾರ ಜಿಲ್ಲೆಯಲ್ಲಿ ಚದರ ಕಿ.ಮೀ.ಗೆ 801 ಜನ, ಬೆಟ್ಟದ ಉತ್ತರಕಾಶಿಯಲ್ಲಿ 41. ಪ್ರತಿ ಅಂಕಿಯ ಪಕ್ಕ "2011ರ ಜನಗಣತಿ" ಎಂದು ಬರೆಯುವುದು ಕಡ್ಡಾಯ ಮಾಡಿ. ವರ್ಷವಿಲ್ಲದ ಜನಸಂಖ್ಯೆಯನ್ನು ಒಪ್ಪಬೇಡಿ.

ನಕ್ಷೆಯ ಬಗ್ಗೆ: ಅಟ್ಲಾಸ್‌ನ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಚೌಕ ಹಾಕಿ, ಎರಡು ಪಟ್ಟು ದೊಡ್ಡ ಚೌಕಗಳ ಹಾಳೆಗೆ ಒಂದೊಂದೇ ಚೌಕದ ಗೆರೆ ನೋಡಿಕೊಂಡು ಬರೆಯಲಿ. ಹಾಳಾಗುವುದು ಎಲ್ಲಿ ಅಂದರೆ 13 ಜಿಲ್ಲೆಗಳ ಹೆಸರನ್ನೂ ತುರುಕುವುದರಲ್ಲಿ. ಆ ರಾಜ್ಯದ ಎರಡು ಭಾಗಗಳಾದ ಗಡ್ವಾಲ್‌ಗೆ ಒಂದು ಬಣ್ಣ, ಕುಮಾಊಂಗೆ ಇನ್ನೊಂದು ಬಣ್ಣ, ಎರಡು ಮೂರು ನದಿ, ಆರೇಳು ಊರು, ಚೀನಾ ಮತ್ತು ನೇಪಾಳದ ಗಡಿ, ಇಷ್ಟೇ ಸಾಕು. ಶಾಲೆಯ ಗೋಡೆ ನಕ್ಷೆ ಯಾವ ವರ್ಷದ್ದು ಎಂದು ಮೊದಲೇ ನೋಡಿಕೊಳ್ಳಿ. 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ ಇಲ್ಲದಿದ್ದರೆ ಅದು ಹಳೆಯದು. ಈಗಲೂ ಉತ್ತರಾಖಂಡ ಉತ್ತರ ಪ್ರದೇಶದೊಳಗೇ ಇರುವ ನಕ್ಷೆಗಳು ಎಷ್ಟೋ ಶಾಲೆಗಳ ಗೋಡೆಯ ಮೇಲಿವೆ.

ಹಳ್ಳಿಶಾಲೆ ಟೀಚರ್:

ಚೌಕ ಮತ್ತು ಚುಕ್ಕಿಯ ಲೆಕ್ಕ ತುಂಬಾ ಚೆನ್ನಾಗಿದೆ ಸರ್, ಗಣಿತಕ್ಕೂ ಆಗುತ್ತದೆ. ಇನ್ನೊಂದು ಕೇಳಬೇಕು. ಏಳೆಂಟು ಮಕ್ಕಳಿಗೆ ಓದುವುದೇ ಕಷ್ಟ. ಅವರು ಏನು ಮಾಡಲಿ? ಕನ್ನಡದಲ್ಲಿ ನಂಬಬಹುದಾದ ಆಕರ ಎಲ್ಲಿ ಸಿಗುತ್ತದೆ?

ಆಕರ ಅಕ್ಕ:

ಓದಲು ಕಷ್ಟಪಡುವವರನ್ನು ಬಣ್ಣ ಹಚ್ಚುವುದಕ್ಕೆ ಮಾತ್ರ ಬಿಡಬೇಡಿ ಮೇಡಂ. ಅವರಿಗೂ ಚೀಟಿ ಇರಲಿ. ನೀವು ಒಂದೊಂದು ವಿಷಯಕ್ಕೆ ಐದಾರು ವಾಕ್ಯದ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಜೆರಾಕ್ಸ್ ಮಾಡಿಸಿ. ಜೊತೆಗಾರ ಗಟ್ಟಿಯಾಗಿ ಓದಲಿ, ಈ ಮಗು ಕೇಳಿ ಹೇಳಲಿ, ಎರಡು ಮೂರು ಪದ ತಾನೇ ಬರೆಯಲಿ. ಬರವಣಿಗೆಗೆ ಅರ್ಧ ವಾಕ್ಯ ಕೊಡಿ: "ಕರ್ನಾಟಕದಲ್ಲಿ ... ಇದೆ, ಉತ್ತರಾಖಂಡದಲ್ಲಿ ... ಇದೆ, ಯಾಕೆಂದರೆ ..." ಕೊನೆಯ "ಯಾಕೆಂದರೆ" ಮುಖ್ಯ, ಅದನ್ನು ಬಿಡಬೇಡಿ.

ಆಕರಕ್ಕೆ ಶಾಲಾ ಅಟ್ಲಾಸ್, ಪಠ್ಯಪುಸ್ತಕಗಳು, ಗ್ರಾಮ ಪಂಚಾಯಿತಿ ಗ್ರಂಥಾಲಯದ ಮಕ್ಕಳ ವಿಶ್ವಕೋಶ ಮೊದಲು. ಕನ್ನಡ ವಿಕಿಪೀಡಿಯ ನೋಡಬಹುದು, ಆದರೆ ಅಂಕಿ ಮತ್ತು ಇಸವಿಯನ್ನು ಇನ್ನೊಂದು ಕಡೆ ತಾಳೆ ನೋಡದೆ ಚೀಟಿಗೆ ಹಾಕಬಾರದು. ಆ ರಾಜ್ಯದ ಸರ್ಕಾರಿ ಜಾಲತಾಣವನ್ನು ನೀವೇ ತೆರೆದು ಬೇಕಾದ ಒಂದು ಪುಟ ಮುದ್ರಿಸಿಕೊಡಿ. ಮಕ್ಕಳನ್ನು ಒಂದು ಕಂಪ್ಯೂಟರ್ ಮುಂದೆ ಸಾಲು ನಿಲ್ಲಿಸಿದರೆ ಪೀರಿಯಡ್ ಅಲ್ಲೇ ಹೋಗುತ್ತದೆ.

ಮಕ್ಕಳು ಎಡವುವ ಜಾಗಗಳನ್ನು ಮೊದಲೇ ತಿಳಿದಿರಿ. ರಾಜ್ಯ ಹುಟ್ಟಿದ್ದು 2000ದ ನವೆಂಬರ್ 9ರಂದು, ಆಗ ಹೆಸರು ಉತ್ತರಾಂಚಲ. ಈಗಿನ ಹೆಸರು ಬಂದದ್ದು 2007ರಲ್ಲಿ. ಹಳೆಯ ಪುಸ್ತಕ ಓದಿದ ಮಗು ಎರಡನ್ನೂ ಬೇರೆ ಬೇರೆ ರಾಜ್ಯ ಎಂದುಕೊಳ್ಳುತ್ತದೆ. ನಮ್ಮಲ್ಲೂ 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ ಎಂದಾಗಿದ್ದನ್ನು ಪಕ್ಕದಲ್ಲಿಟ್ಟರೆ ತಟ್ಟನೆ ಹಿಡಿಯುತ್ತಾರೆ. ರಾಜಧಾನಿ ಎಂದರೆ ಡೆಹ್ರಾಡೂನ್, ಆದರೆ 2020ರಲ್ಲಿ ಗೈರ್‌ಸೈಣ್ ಬೇಸಿಗೆ ರಾಜಧಾನಿಯಾಯಿತು, ಹೈಕೋರ್ಟ್ ಇರುವುದು ನೈನಿತಾಲ್‌ನಲ್ಲಿ. ನಂದಾದೇವಿ 7,816 ಮೀ., ಆ ರಾಜ್ಯದ ಅತಿ ಎತ್ತರದ ಶಿಖರ. "ಭಾರತದ ಅತಿ ಎತ್ತರದ ಶಿಖರ" ಎಂದು ಬರೆದು ತಂದರೆ ತಿದ್ದಿ, ಅದು ಕಾಂಚನಜುಂಗಾ.

ಕನ್ನಡದಲ್ಲಿ ಹುಡುಕುವಾಗ ಇನ್ನೊಂದು ತೊಂದರೆ ಇದೆ. ನೇಪಾಳದ ಗಡಿಯಲ್ಲಿ ಹರಿಯುವ ಕಾಳಿ ನದಿ ಎಂದು ಹುಡುಕಿದರೆ ದಾಂಡೇಲಿ, ಸೂಪಾ ಅಣೆಕಟ್ಟು, ಕಾರವಾರ ಬರುತ್ತವೆ. ಉತ್ತರ ಕನ್ನಡದ ಕಾಳಿಯ ವಿವರ ಉತ್ತರಾಖಂಡದ ವರದಿಯಲ್ಲಿ ಸೇರಿಹೋಗುವುದು ಹೀಗೆ. ಚೀಟಿಯ ಕೆಳಗೆ ಆಕರ ಇದ್ದರೆ ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಮಲೆನಾಡು ಓದುಗ:

ಕರ್ನಾಟಕದ ಜೊತೆ ಹೋಲಿಕೆ ಬರೀ ಅಂಕಿಗೆ ನಿಲ್ಲಬೇಕಾಗಿಲ್ಲ. ನಕಲು ತಪ್ಪಿಸಲು ಇದಕ್ಕಿಂತ ಗಟ್ಟಿ ಉಪಾಯ ನನಗೆ ಕಂಡಿಲ್ಲ, ಏಕೆಂದರೆ ಹೋಲಿಕೆಯ ಅರ್ಧ ಭಾಗ ಮಗುವಿನ ಊರಿನಿಂದಲೇ ಬರಬೇಕು, ಅದನ್ನು ಯಾವ ಜಾಲತಾಣವೂ ಬರೆದಿಟ್ಟಿರುವುದಿಲ್ಲ.

ಊಟದ ತಂಡಕ್ಕೆ: ಅಲ್ಲಿ ಮಂಡುವಾ ಎನ್ನುವುದು ನಮ್ಮ ರಾಗಿಯೇ. ಇಲ್ಲಿ ಮುದ್ದೆ, ಅಲ್ಲಿ ರೊಟ್ಟಿ. ಝಂಗೋರಾ ಅಂದರೆ ಊದಲು, ಅಲ್ಲಿ ಅದರ ಖೀರು ಮಾಡುತ್ತಾರೆ. ಒಂದು ಹಿಡಿ ರಾಗಿ, ಒಂದು ಹಿಡಿ ಊದಲನ್ನು ತರಗತಿಗೆ ತಂದು ತಟ್ಟೆಯಲ್ಲಿ ಇಡಿ, ಮಳೆಯಾಶ್ರಿತ ಇಳಿಜಾರಿನಲ್ಲಿ ಇವೇ ಯಾಕೆ ಬೆಳೆಯುತ್ತಾರೆ ಎಂಬ ಚರ್ಚೆ ತಾನಾಗಿ ಬರುತ್ತದೆ.

ಕಲೆಯ ತಂಡಕ್ಕೆ: ಕುಮಾಊಂನ ರಂಗೋಲಿಯಂಥ ಕಲೆ ಐಪಣ್, ಗೇರು ಎಂಬ ಕೆಮ್ಮಣ್ಣು ಬಳಿದ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಶಿವಮೊಗ್ಗ ಕಡೆಯ ದೀವರ ಸಮುದಾಯದ ಹಸೆ ಚಿತ್ತಾರವೂ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯೇ, ಅದು ಗೋಡೆಗೆ. ರಟ್ಟಿನ ಮೇಲೆ ಕೆಮ್ಮಣ್ಣು ಬಳಿದು ಒಂದು ರಾತ್ರಿ ಒಣಗಿಸಿ, ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳು ಮಾಡಿಕೊಳ್ಳಿ. ನೀರು ಜಾಸ್ತಿಯಾದರೆ ಗೆರೆ ಹರಡುತ್ತದೆ, ಕೆಮ್ಮಣ್ಣು ಒದ್ದೆಯಿದ್ದರೆ ಬಿಳಿ ನಸುಗೆಂಪಾಗುತ್ತದೆ. ಐಪಣ್‌ನಲ್ಲಿ ಬೆರಳ ತುದಿಯಿಂದಲೇ ಗೆರೆ ಎಳೆಯುತ್ತಾರೆ.

ಕಾಡಿನ ತಂಡಕ್ಕೆ, ಮರ ಅಪ್ಪಿಕೊಂಡು ಉಳಿಸುವ ಚಿಪ್ಕೊ ಚಳವಳಿ ಬಿಟ್ಟರೆ ವರದಿ ಅಪೂರ್ಣ. 1974ರಲ್ಲಿ ಚಮೋಲಿ ಜಿಲ್ಲೆಯ ರೈಣಿ ಹಳ್ಳಿಯಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದರು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅದೇ ದಾರಿಯಲ್ಲಿ ಅಪ್ಪಿಕೊ ಚಳವಳಿ ಶುರುವಾಯಿತು. ಇವೆರಡನ್ನು ಒಂದೇ ಕಾಲರೇಖೆಯ ಮೇಲೆ ಗುರುತಿಸಲಿ. ಕೇದಾರನಾಥದ ರಾವಲ್, ಅಂದರೆ ಮುಖ್ಯ ಅರ್ಚಕರು, ಕರ್ನಾಟಕದ ವೀರಶೈವ ಪರಂಪರೆಯವರು ಎಂಬುದೂ ಹಬ್ಬದ ತಂಡಕ್ಕೆ ಒಳ್ಳೆಯ ಚೀಟಿಯಾಗುತ್ತದೆ.

ನದಿಯ ತಂಡದವರು "ಕಾವೇರಿ ಬೇಸಿಗೆಯಲ್ಲಿ ಸೊರಗುತ್ತದೆ, ಗಂಗೆ ಯಾಕೆ ಅಷ್ಟು ಸೊರಗುವುದಿಲ್ಲ?" ಎಂಬ ಒಂದೇ ಪ್ರಶ್ನೆ ಹಿಡಿದರೂ ಸಾಕು. ನಮ್ಮ ನದಿಗಳಿಗೆ ಮಳೆ ನೀರೇ ಆಧಾರ, ಅಲ್ಲಿ ಬೇಸಿಗೆಯಲ್ಲಿ ಹಿಮ ಕರಗಿ ನೀರು ಕೊಡುತ್ತದೆ.

ಚೀಟಿ ಮೇಷ್ಟ್ರು:

ಹೋಲಿಕೆಯ ಮಾತು ಸರಿ, ಆದರೆ ಒಂದು ಎಚ್ಚರ. ಪ್ರತಿ ತಂಡಕ್ಕೂ ಒಂದೇ ಹೋಲಿಕೆ ಸಾಕು. ಎಲ್ಲದಕ್ಕೂ ಹೋಲಿಕೆ ಎಂದು ಹೊರಟರೆ ವರದಿ ಕರ್ನಾಟಕದ್ದೇ ಆಗಿಬಿಡುತ್ತದೆ. ಬ್ರಹ್ಮಕಮಲ, ಹಿಮಾಲಯದ ಮೊನಾಲ್ ಹಕ್ಕಿ, ಕಸ್ತೂರಿ ಮೃಗ, ಬುರಾಂಶ್ ಮರಕ್ಕೆ ಇಲ್ಲಿ ಜೋಡಿ ಹುಡುಕುವ ಅಗತ್ಯವಿಲ್ಲ. ಅವು ಅಲ್ಲಿನವು, ಹಾಗೆಯೇ ಬರೆಯಲಿ.

ಅಂಕದ ಬಗ್ಗೆ ಕೇಳಿದ್ದಿರಿ ಮೇಡಂ. ಇಪ್ಪತ್ತು ಅಂಕವಾದರೆ ಚೀಟಿಗಳಿಗೆ 6, ಬರಹಕ್ಕೆ 6, ನಕ್ಷೆಗೆ 3, ಹೋಲಿಕೆಗೆ 3, ಬಾಯಲ್ಲಿ ಹೇಳುವುದಕ್ಕೆ 2. ಚೀಟಿಗೂ ಬರಹಕ್ಕೂ ಸಮ ಇಟ್ಟಿರುವುದು ಬೇಕೆಂದೇ. ಮನೆಯವರು ಬರೆದುಕೊಟ್ಟ ಚಂದದ ವರದಿಗೆ ಚೀಟಿ ಇರುವುದಿಲ್ಲ, ಆರು ಅಂಕ ಅಲ್ಲೇ ಹೋಗುತ್ತದೆ. ಅಲಂಕಾರ, ಬಾರ್ಡರ್, ಮಿನುಗುಪುಡಿಗೆ ಅಂಕ ಇಲ್ಲ ಎಂದು ಮೊದಲ ದಿನವೇ ಪೋಷಕರಿಗೆ ಚೀಟಿ ಬರೆದು ಕಳಿಸಿ, ಅಂಗಡಿ ಚಾರ್ಟ್ ತರಬೇಡಿ ಎಂದೂ ಅದರಲ್ಲೇ ಸೇರಿಸಿ. ಅಂಟಿಸುವ ಚಿತ್ರ ಒಂದು ತಂಡಕ್ಕೆ ಎರಡು ದಾಟದಿರಲಿ, ಪ್ರತಿಯೊಂದರ ಕೆಳಗೆ ಅದು ಏನು, ಎಲ್ಲಿಯದು ಎಂದು ಮಗುವಿನ ಕೈಬರಹದಲ್ಲಿ ಒಂದು ಸಾಲು ಇರಲಿ.

ಬಾಯಿ ಪರೀಕ್ಷೆಗೆ ತಂಡದ ಚೀಟಿಗಳಲ್ಲಿ ಒಂದನ್ನು ಎತ್ತಿ, "ಇದು ನಿನಗೆ ಎಲ್ಲಿ ಸಿಕ್ಕಿತು?" ಎಂದಷ್ಟೇ ಕೇಳಿ. ಪುಸ್ತಕ ತೆಗೆದು ಪುಟ ತೋರಿಸಿದರೆ ಎರಡಕ್ಕೆ ಎರಡು.